ನಿಂತು ಪ್ರಯಾಣಿಸುವವರಿಗೂ ಸೌಕರ್ಯ ಬೇಕು: ಮಂಡ್ಯದ ನಿತ್ಯ ಪ್ರಯಾಣಿಕರ ಮನವಿ

ಗೆ,
ಮಾನ್ಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರು
(ಮಂಡ್ಯ ನಿಲ್ದಾಣದ ವ್ಯವಸ್ಥಾಪಕರ ಮುಖಾಂತರ)

ಇಂದ,
ಮಂಡ್ಯ, ಮದ್ದೂರು ಮತ್ತು ಪಾಂಡವಪುರ ಭಾಗದ ನಿತ್ಯ ರೈಲು ಪ್ರಯಾಣಿಕರು

ವಿಷಯ: ಮೈಸೂರು–ಬೆಂಗಳೂರು ಮಾರ್ಗದ ಕಾಯ್ದಿರಿಸದ ಬೋಗಿಗಳಲ್ಲಿ ನಿಂತು ಪ್ರಯಾಣಿಸುವವರಿಗೆ ಸೌಕರ್ಯ ಒದಗಿಸುವ ಬಗ್ಗೆ.

ಮಾನ್ಯರೇ,

ನಮ್ಮ ಮಾರ್ಗಕ್ಕೆ ಜೋಡಿ ಹಳಿ ಬಂದು, ವಿದ್ಯುದೀಕರಣವೂ ಆಗಿ ದೊರೆತ ಅನುಕೂಲವನ್ನು ನಾವು ಮರೆತಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ, ಎರಡನೆಯ ಹಳಿಗೆ ದಾರಿ ಮಾಡಿಕೊಟ್ಟ ಇಲಾಖೆ ತಮ್ಮದು. ಅಷ್ಟು ಮಾಡಿದವರಿಗೆ ಬೋಗಿಯೊಳಗೆ ನಾಲ್ಕು ಹಿಡಿಕೆ ಕೂರಿಸುವುದು ಭಾರವಾಗಲಾರದು ಎಂಬ ಭರವಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ರೈಲಿನ ಸೌಕರ್ಯದ ಮಾತು ಬಂದಾಗಲೆಲ್ಲ ಮೆತ್ತನೆಯ ಆಸನ, ಕಾಲು ಚಾಚಲು ಜಾಗ, ಊಟದ ಹಲಗೆ ಇವೇ ಪ್ರಸ್ತಾಪವಾಗುತ್ತವೆ. ಇವೆಲ್ಲ ಕೂತವರ ಲೆಕ್ಕ. ಮೈಸೂರಿನಿಂದ ಹೊರಟ ಬೆಳಗಿನ ರೈಲು ಸುಮಾರು 45 ಕಿ.ಮೀ. ದಾಟಿ ಮಂಡ್ಯಕ್ಕೆ ಬರುವಾಗ ಸಾಮಾನ್ಯ ಬೋಗಿಗಳು ಭರ್ತಿಯಾಗಿರುತ್ತವೆ. ಅಲ್ಲಿಂದ ಬೆಂಗಳೂರಿಗೆ ಇನ್ನೂ 90 ಕಿ.ಮೀ.ಗೂ ಮಿಗಿಲಾದ ದಾರಿ. ಮಾಸಿಕ ಪಾಸು ಹಿಡಿದು ಬಿಡದಿಯ ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಹೋಗುವ ನಮ್ಮಲ್ಲಿ ಹೆಚ್ಚಿನವರಿಗೆ ಆ ದಾರಿಯಷ್ಟೂ ನಿಂತೇ ಸಾಗುತ್ತದೆ. ಹೆಚ್ಚು ರೈಲು, ಹೆಚ್ಚು ಬೋಗಿ ಬೇಕೆಂದು ಬೇರೆ ಮನವಿಗಳಲ್ಲಿ ಕೇಳುತ್ತಲೇ ಇದ್ದೇವೆ, ಮುಂದೆಯೂ ಕೇಳುತ್ತೇವೆ. ಅವು ಬರುವವರೆಗೆ ನಿಂತವರು ನೆಟ್ಟಗೆ ನಿಲ್ಲುವಂತಾಗಲಿ ಎಂಬುದಷ್ಟೇ ಈ ಪತ್ರದ ವಿಷಯ.

ಮೊದಲನೆಯದು ಹಿಡಿಕೆ. ಸಾಮಾನ್ಯ ಬೋಗಿಯ ನಡುದಾರಿಯಲ್ಲಿ ನಿಂತವರಿಗೆ ಹಿಡಿದುಕೊಳ್ಳಲು ಸಿಗುವುದು ಸಾಮಾನು ಇಡುವ ಹಲಗೆಯ ಅಂಚು. ಆ ಹಲಗೆಯ ಮೇಲೂ ಜನ ಕುಳಿತಿರುತ್ತಾರೆ. ಹಿಡಿಯಲು ಕೈ ಎತ್ತಿದರೆ ಯಾರದೋ ಪಾದ ತಗಲುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಆ ಅಂಚು ಎಟುಕುವುದೇ ಇಲ್ಲ. ಒಂದು ಕೈಯಲ್ಲಿ ಬುತ್ತಿಯ ಚೀಲ, ಇನ್ನೊಂದು ಕೈ ಪಕ್ಕದವಳ ಭುಜದ ಮೇಲೆ. ಚಾಲಕರು ಬ್ರೇಕ್ ಹಾಕಿದರೆ ಸಾಲಿಗೆ ಸಾಲೇ ವಾಲಿ, ಕೂತವರ ಮಡಿಲಿಗೆ ಬೀಳುತ್ತದೆ. ಆಮೇಲೆ ನಡೆಯುವ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.

ಹತ್ತಿರದ ಊರುಗಳ ನಡುವೆ ಓಡುವ ಮೆಮು ವಿದ್ಯುತ್ ರೈಲುಗಳಲ್ಲಿ ನಿಂತವರಿಗಾಗಿ ತೂಗುಹಿಡಿಕೆಗಳಿವೆ. ಅದೇ ಬಗೆಯವನ್ನು ಈ ಮಾರ್ಗದ ಹಗಲು ರೈಲುಗಳ ಸಾಮಾನ್ಯ ಬೋಗಿಗಳಿಗೂ ಹಾಕಿಸಬೇಕು. ಎಲ್ಲವನ್ನೂ ಒಂದೇ ಎತ್ತರದಲ್ಲಿ ತೂಗುಬಿಡದೆ, ಕೆಲವನ್ನು ತಗ್ಗಿನಲ್ಲಿ ಇಳಿಬಿಡಬೇಕು. ಪ್ರತಿ ಆಸನದ ತುದಿಯಲ್ಲೂ ನೆಲದಿಂದ ಮೇಲಿನವರೆಗೆ ಒಂದು ಉಕ್ಕಿನ ಕಂಬವಿದ್ದರೆ ಹಿರಿಯರಿಗೆ ಅದೇ ದೊಡ್ಡ ಆಸರೆ. ಬಾಗಿಲ ಬಳಿಯ ಗೋಡೆಗೆ ಸೊಂಟದ ಎತ್ತರದಲ್ಲಿ ಅಗಲವಾದೊಂದು ಮೆತ್ತೆಯ ಪಟ್ಟಿ ಕೂರಿಸಿದರೆ ಒರಗಿ ನಿಲ್ಲಬಹುದು. ಕಾಲು ನೋವಿನವರಿಗೆ ಅರ್ಧ ಆಸನ ಸಿಕ್ಕಂತೆ.

ಚೀಲಗಳ ತಾಪತ್ರಯ ಇದರ ಜೊತೆಗೇ ಬರುತ್ತದೆ. ಕಿಟಕಿಯ ಸರಳುಗಳಿಗೆ ನೇತುಹಾಕಿದ ಬುತ್ತಿ ಚೀಲಗಳು ಗಾಳಿಯನ್ನೇ ತಡೆಯುತ್ತವೆ. ನೆಲಕ್ಕಿಟ್ಟ ಹೂವಿನ ಮೂಟೆ, ತರಕಾರಿ ಚೀಲ ದಾರಿಯನ್ನು ತಡೆಯುತ್ತವೆ. ಹಲಗೆಗಳ ಕೆಳಗೆ ಸಾಲಾಗಿ ಗಟ್ಟಿ ಕೊಕ್ಕೆಗಳನ್ನು ಹೊಡೆಸಿದರೆ ಸಾಕು.

ಇನ್ನು ಜಗ್ಗಾಟ. ರೈಲು ಹೊರಡುವಾಗ ಬೋಗಿ ಬೋಗಿಗೆ ಜಗ್ಗಿ ಬರುವ ಪೆಟ್ಟು ಕೂತವರಿಗೆ ಅಷ್ಟಾಗಿ ಗೊತ್ತಾಗದು, ನಿಂತವರ ಮೊಣಕಾಲಿಗೆ ಗೊತ್ತು. 2023ರ ಡಿಸೆಂಬರ್ 30ರಂದು ಚಾಲನೆ ಪಡೆದ ಅಮೃತ್ ಭಾರತ್ ರೈಲುಗಳಲ್ಲಿ ಬೋಗಿಗಳ ಕೊಂಡಿಯನ್ನೇ ಸುಧಾರಿಸಿ ಈ ಪೆಟ್ಟನ್ನು ತಗ್ಗಿಸಲಾಗಿದೆ. ಅವು ಹವಾನಿಯಂತ್ರಣವಿಲ್ಲದ, ಸಾಮಾನ್ಯರ ರೈಲುಗಳೇ. ಆದರೂ ಮೊಬೈಲ್ ಚಾರ್ಜಿಂಗ್ ವ್ಯವಸ್ಥೆ ಇದೆ, ನೀರಿನ ಬಾಟಲಿ ಇಡಲು ಜಾಗವಿದೆ, ಕತ್ತಲಲ್ಲಿ ದಾರಿ ಕಾಣಲು ನೆಲದಲ್ಲಿ ಹೊಳೆಯುವ ಪಟ್ಟಿಗಳಿವೆ. ಮೊದಲು ಹೊರಟ ಎರಡರಲ್ಲಿ ಒಂದು ಮಾಲ್ಡಾದಿಂದ ನಮ್ಮ ಬೆಂಗಳೂರಿಗೇ ಬಂದಿತು. ಬಂಗಾಳದಿಂದ ಬೆಂಗಳೂರಿಗೆ ಬರಬಲ್ಲ ಸೌಕರ್ಯ ಮಂಡ್ಯದವರೆಗೂ ಬರಲಿ. ಈ ಮಾರ್ಗದ ಹಳೆಯ ಬೋಗಿಗಳನ್ನು ಬದಲಿಸುವಾಗ ಅದೇ ಮಾದರಿಯವನ್ನು ಕೇಳಿ ಪಡೆಯಬೇಕೆಂದು ಕೋರುತ್ತೇವೆ.

ಗುಂಪಿನ ನಡುವೆ ನಿಂತವರಿಗೆ ಕಿಟಕಿಯ ಹೊರಗಿನ ಫಲಕ ಕಾಣುವುದಿಲ್ಲ. ಸಂಜೆ ಕತ್ತಲಾದ ಮೇಲೆ ಹೊಸಬರು ಮದ್ದೂರು ಬಂತೇ, ಮಂಡ್ಯ ಬಂತೇ ಎಂದು ಕೇಳುತ್ತಲೇ ಬರುತ್ತಾರೆ. ನಮ್ಮ ಮೆಟ್ರೊದಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಬೋಗಿಯೊಳಗೇ ಕನ್ನಡದಲ್ಲಿ ಹೇಳುತ್ತಾರೆ. ಇಲ್ಲಿಯೂ ಹಾಗೆಯೇ ಮೊದಲು ಕನ್ನಡದಲ್ಲಿ ಘೋಷಣೆಯಾಗಲಿ, ಬಾಗಿಲು ಯಾವ ಬದಿಗೆ ಎಂಬುದನ್ನೂ ಸೇರಿಸಿ ಹೇಳಲಿ. ಮೂಟೆ ಹೊತ್ತವರು ಕೊನೆ ಗಳಿಗೆಯಲ್ಲಿ ಈ ಬಾಗಿಲಿನಿಂದ ಆ ಬಾಗಿಲಿಗೆ ನುಗ್ಗುವುದು ತಪ್ಪುತ್ತದೆ.

ಶೌಚಾಲಯದ ಬಗ್ಗೆ ಎರಡೇ ಮಾತು. ಜೈವಿಕ ಶೌಚಾಲಯದಲ್ಲಿ ಮಲವನ್ನು ಕರಗಿಸುವುದು ಬ್ಯಾಕ್ಟೀರಿಯಾ. ಬಾಟಲಿ, ಸ್ಯಾನಿಟರಿ ಪ್ಯಾಡ್, ಗುಟ್ಕಾ ಚೀಟಿಗಳನ್ನು ಅವು ಕರಗಿಸಲಾರವು. ತಪ್ಪು ಹಾಕುವವರದೇ, ಒಪ್ಪುತ್ತೇವೆ. ಆದರೆ ಒಳಗೊಂದು ಮುಚ್ಚಳದ ಕಸದ ಬುಟ್ಟಿ, ಕನ್ನಡದಲ್ಲೊಂದು ಸೂಚನೆ, ಸರಿಯಾಗಿ ಬೀಳುವ ಚಿಲಕ ಇದ್ದರೆ ಶೌಚಾಲಯದ ಬಾಗಿಲಿಗೆ ಅಂಟಿಕೊಂಡು ನಿಲ್ಲಬೇಕಾದವರ ಪಾಡು ಎಷ್ಟೋ ಸುಧಾರಿಸುತ್ತದೆ. ಶೌಚಾಲಯ ಬಳಸುವ ಪ್ರಸಂಗವೇ ಬೇಡವೆಂದು ಬೆಳಗಿನಿಂದ ನೀರು ಕುಡಿಯದೆ ಬರುವ ಮಹಿಳೆಯರು ಈ ಮನವಿಗೆ ಸಹಿ ಹಾಕಿದ್ದಾರೆ.

ವೈಫೈ ಕೂಡ ಸೇರಿಸಿ ಎಂದು ನಮ್ಮಲ್ಲಿನ ಕಾಲೇಜು ಹುಡುಗರು ಹಟ ಹಿಡಿದಿದ್ದರು. ಫೋನನ್ನು ಜೇಬಿನಿಂದ ತೆಗೆಯಲು ಮೊದಲು ಒಂದು ಕೈ ಬಿಡುವಾಗಲಿ ಎಂದು ಹಿರಿಯರು ಹೇಳಿದ ಮೇಲೆ ಸುಮ್ಮನಾದರು.

ಬೋಗಿಯ ವಿನ್ಯಾಸ ಬದಲಿಸಲು ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆಯ ಒಪ್ಪಿಗೆ ಬೇಕಾಗಬಹುದು ಎಂಬುದು ನಮಗೆ ಗೊತ್ತು. ಹಿಡಿಕೆ, ಕಂಬ, ಕೊಕ್ಕೆಗಳು ಅಷ್ಟು ದೂರ ಹೋಗಬೇಕಾದ ಕೆಲಸಗಳಲ್ಲ ಎಂಬುದು ನಮ್ಮ ಭಾವನೆ. ಬೋಗಿಗಳ ದುರಸ್ತಿ ನಡೆಯುವ ಕಾರ್ಯಾಗಾರ ಮೈಸೂರಿನ ಅಶೋಕಪುರಂನಲ್ಲೇ ಇದೆ. ಮೊದಲು ಒಂದು ರೈಲಿನ ಎರಡು ಸಾಮಾನ್ಯ ಬೋಗಿಗಳಲ್ಲಿ, ಅದರಲ್ಲೂ ಒಂದು ಮಹಿಳೆಯರ ಬೋಗಿಯಲ್ಲಿ, ಇವನ್ನು ಅಳವಡಿಸಿ ಪರೀಕ್ಷಿಸಬಹುದು. ಹಿಡಿಕೆ ಯಾವ ಎತ್ತರದಲ್ಲಿರಬೇಕೆಂದು ಅಳೆಯುವ ದಿನ ತಿಳಿಸಿದರೆ, ಗಿಡ್ಡನೆಯವರು, ಎತ್ತರದವರು, ವಯಸ್ಸಾದವರು ಎಲ್ಲರೂ ನಿಲ್ದಾಣಕ್ಕೆ ಬಂದು ನಿಲ್ಲಲು ಸಿದ್ಧರಿದ್ದೇವೆ.

ಈ ಮನವಿಯನ್ನು ರೈಲ್ವೆ ಬಳಕೆದಾರರ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಿ, ಕೈಗೊಂಡ ಕ್ರಮವನ್ನು ಮಂಡ್ಯ ನಿಲ್ದಾಣದ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಸ್ಥಳ: ಮಂಡ್ಯ

ಇಂತಿ ತಮ್ಮ ವಿಶ್ವಾಸಿಗಳು,
ನಿತ್ಯ ರೈಲು ಪ್ರಯಾಣಿಕರು
(ಸಹಿಗಳ ಹಾಳೆಗಳನ್ನು ಲಗತ್ತಿಸಿದೆ)