ಶನಿವಾರದ ಮಯೋಗ್ರಾಫ್ ಪ್ರಾಕ್ಟಿಕಲ್: ಬರುವವರು ಓದಿ

ಎಲ್ಲರಿಗೂ ನಮಸ್ಕಾರ ರೀ. ಫಿಸಿಯಾಲಜಿ ಪಿಜಿ ಮೊದಲ ವರ್ಷದವರಿಗೆ ಶನಿವಾರ ಬೆಳಗ್ಗೆ 9ಕ್ಕೆ ವೈರ್ ಮಯೋಗ್ರಾಫ್ (ಸಣ್ಣ ರಕ್ತನಾಳದ ಸ್ನಾಯು ಎಷ್ಟು ಬಲ ಹಾಕುತ್ತದೆ ಎಂದು ಅಳೆಯುವ ಉಪಕರಣ) ಪ್ರಾಕ್ಟಿಕಲ್ ಇದೆ. ಧಾರವಾಡದವರು 8ರೊಳಗೆ ಚಿಗರಿ ಬಸ್ ಹತ್ತಿಬಿಡಿ. ಹೊರತೆಗೆದ ರಕ್ತನಾಳ ನಮಗಾಗಿ ಕಾಯುವುದಿಲ್ಲ, ಅಲ್ವಾ?

ಇಲಿಯ ಕರುಳಿನ ಸಣ್ಣ ಅಪಧಮನಿ, ಅಗಲ 200-300 ಮೈಕ್ರೋಮೀಟರ್. ಕೊಬ್ಬು ಬಿಡಿಸಿ, 40 ಮೈಕ್ರೋಮೀಟರ್ ದಪ್ಪದ ಎರಡು ತಂತಿ ಒಳಗೆ ತೂರಿಸಬೇಕು. ಇಲ್ಲಿ ಅವಸರ ಬೇಡ. ತಂತಿ ಉಜ್ಜಿದರೆ ಎಂಡೋಥೀಲಿಯಂ, ಅಂದರೆ ನಾಳದ ಒಳಪದರ, ಕಿತ್ತುಹೋಗುತ್ತದೆ. ಆ ಪದರದ ಮೂಲಕವೇ ನಾಳವನ್ನು ಸಡಿಲಿಸುವ ಅಸಿಟೈಲ್‌ಕೋಲಿನ್ ಆಮೇಲೆ ಹಾಕಿದರೂ ನಾಳ ಸಡಿಲವಾಗುವುದಿಲ್ಲ.

ನಂತರ 37 ಡಿಗ್ರಿಯ ಕ್ರೆಬ್ಸ್ ದ್ರಾವಣದಲ್ಲಿ (ದೇಹದ್ರವವನ್ನು ಹೋಲುವ ಲವಣ ದ್ರಾವಣ) ನಾಳವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ. 100 ಎಂಎಂ ಪಾದರಸದ ಒತ್ತಡಕ್ಕೆ ಸಮನಾದ ಸುತ್ತಳತೆ ಲೆಕ್ಕ ಹಾಕಿ, ಅದರ 0.9ರಷ್ಟಕ್ಕೆ ನಿಲ್ಲಿಸಿ. ಸಂಶೋಧಕರಾದ ಮಲ್ವನಿ ಮತ್ತು ಹಾಲ್ಪರ್ನ್ 1977ರಲ್ಲಿ ತೋರಿಸಿದ ದಾರಿ ಇದು. ಸ್ನಾಯು ಹೆಚ್ಚು ಬಲ ಕೊಡುವುದು ಆ ಅಳತೆಯ ಆಸುಪಾಸಿನಲ್ಲೇ. ಜಾಸ್ತಿ ಎಳೆದರೆ ಸ್ನಾಯುವಿನ ಬಲದ ಬದಲು ನಾಳದ ಗೋಡೆಯ ಗಟ್ಟಿ ನಾರಾದ ಕೊಲಾಜೆನ್‌ನ ಬಿಗಿತ ಅಳೆದಂತಾಗುತ್ತದೆ. ವೈವಾದಲ್ಲಿ ಇದನ್ನೇ ಕೇಳುವ ಹಾಗಿದೆ!

ಕ್ಯಾಲ್ಕುಲೇಟರ್, ಏಪ್ರನ್ ತನ್ನಿ. ನಾಳ ಇಡುವ ಚೇಂಬರ್ ಇರುವುದು ನಾಲ್ಕೇ, ಜೋಡಿ ಮಾಡಬೇಕು. ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆರಳಿನ ಎಮೋಜಿ ಒತ್ತಿದರೆ ಲೆಕ್ಕಕ್ಕಿಲ್ಲ.