ಜರ್ಮನಿಗೆ ಹೊಸದಾಗಿ ಬಂದಿರುವ ವಿದ್ಯಾರ್ಥಿಗಳ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಅಕ್ಟೋಬರ್‌ನಲ್ಲಿ ಆರಂಭವಾದ ಚಳಿಗಾಲದ ಸೆಮಿಸ್ಟರ್‌ಗೆ ಕರ್ನಾಟಕದಿಂದ ಬಂದಿರುವ ಹೊಸಬರು, ಮನೆ ಸೇರಿದ 2 ವಾರಗಳೊಳಗೆ ವಿಳಾಸ ನೋಂದಣಿ ಮಾಡಿಸಬೇಕೆಂಬಂಥ ವಿಷಯಗಳನ್ನು ಈ ಗುಂಪಿನಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರ, ಐದು ಗಂಟೆಗೇ ಕತ್ತಲಾಗುವ ನವೆಂಬರ್‌ನಲ್ಲಿ, ಕೋಣೆಯಲ್ಲಿ ಒಬ್ಬರೇ ಕುಳಿತಾಗ ಆಗುವ ಬೇಸರವನ್ನು ಯಾರೂ ಇಲ್ಲಿ ಬರೆಯುವುದಿಲ್ಲ. ಸಾಲ ಮಾಡಿ ಕಳುಹಿಸಿದ ಮನೆಯವರಿಗಂತೂ ಹೇಳುವುದೇ ಇಲ್ಲ.

ಆದ್ದರಿಂದ ಹಳೆಯ ಸದಸ್ಯರು ತಾವಿರುವ ನಗರದ ಹೊಸಬರೊಬ್ಬರನ್ನು ಭಾನುವಾರ ಊಟಕ್ಕೆ ಕರೆಯಬೇಕೆಂದು ಕೋರುತ್ತೇವೆ (ಅನ್ನ, ಸಾರು ಸಾಕು, ಔತಣ ಬೇಕಿಲ್ಲ). ಊಟ, ನಿದ್ದೆ ಕೆಟ್ಟು ತರಗತಿಗೂ ಹೋಗದವರಿದ್ದರೆ, ವಿಶ್ವವಿದ್ಯಾಲಯದ ಅಥವಾ ವಿದ್ಯಾರ್ಥಿಗಳ ವಸತಿ, ಊಟದಂಥ ಸೇವೆಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಸ್ಟುಡೀರೆಂಡೆನ್‌ವೆರ್ಕ್‌ನ ಆಪ್ತಸಮಾಲೋಚಕರ ಬಳಿಗೆ ಅವರ ಜೊತೆಯಲ್ಲೇ ಹೋಗಿ. ಅಲ್ಲಿ ಹೇಳಿಕೊಂಡದ್ದು ಗೋಪ್ಯವಾಗಿರುತ್ತದೆ. ಊಟಕ್ಕೆ ಕರೆಯಬಲ್ಲವರು ತಮ್ಮ ನಗರದ ಹೆಸರನ್ನು ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸಬೇಕು.