ಸ್ಕೋಲ್ಟ್ ಸಾಮಿ ವ್ಯಾಕರಣದ ಕರಡು ಮುಗಿಯಿತು: ನೆರವಾದವರಿಗೆಲ್ಲ ವಂದನೆ

ನಮ್ಮ ತಂಡ ಸಿದ್ಧಪಡಿಸಿದ ಸ್ಕೋಲ್ಟ್ ಸಾಮಿ ವ್ಯಾಕರಣದ ಕರಡು ಪರಿಶೀಲಕರ ಕೈ ಸೇರಿದೆ. ಫಿನ್ನಿಶ್ ಕೂಡ ಸೇರಿರುವ ಯುರಾಲಿಕ್ ಕುಟುಂಬದ ಈ ಭಾಷೆಯನ್ನು ಆಡುವವರು ಸುಮಾರು 300 ಜನ. ಹೆಚ್ಚಿನವರು ಇರುವುದು ಫಿನ್‌ಲ್ಯಾಂಡಿನ ಇನಾರಿ ಸೀಮೆಯಲ್ಲಿ. ಎರಡನೇ ಮಹಾಯುದ್ಧದ ಕೊನೆಗೆ, ಅಲ್ಲಿಯವರೆಗೆ ಫಿನ್‌ಲ್ಯಾಂಡಿಗೆ ಸೇರಿದ್ದ ಪೆತ್ಸಾಮೊ ಪ್ರದೇಶ ಸೋವಿಯತ್ ಒಕ್ಕೂಟದ ಪಾಲಾಯಿತು. ನೆಲೆ ಕಳೆದುಕೊಂಡ ಅಲ್ಲಿನ ಸುವೊನಿಕ್ಯುಲಾ ಊರಿನವರು 1949ರಲ್ಲಿ ಇನಾರಿಯ ಸೆವೆತ್ತಿಯಾರ್ವಿಗೆ ಬಂದು ನೆಲೆಸಿದರು. ಇಂದಿನ ಬರಹದ ಭಾಷೆ ನಿಂತಿರುವುದು ಅವರ ಆಡುಮಾತಿನ ಮೇಲೆ. ಮೊದಲ ವಂದನೆ ಸೆವೆತ್ತಿಯಾರ್ವಿಯ ಹಿರಿಯರಿಗೆ.

ಅವರ ತಾಳ್ಮೆ ಎಷ್ಟು ಬೇಕಾಯಿತು ಎನ್ನುವುದಕ್ಕೆ ವಿಭಕ್ತಿಗಳ ಅಧ್ಯಾಯ ನೋಡಿದರೆ ಸಾಕು. ಈ ಭಾಷೆಗೆ ವಿಭಕ್ತಿಗಳು ಒಂಬತ್ತು. ಏಕವಚನದ ಷಷ್ಠಿ, ಏಕವಚನದ ದ್ವಿತೀಯಾ, ಬಹುವಚನದ ಪ್ರಥಮಾ ಈ ಮೂರೂ ಸಾಮಾನ್ಯವಾಗಿ ಒಂದೇ ರೂಪದಲ್ಲಿರುತ್ತವೆ. ಬಿಡಿ ಪದವಾಗಿ ಕೇಳಿದರೆ ಕೈಗೆ ಸಿಕ್ಕಿದ್ದು ಯಾವುದೆಂದು ಗೊತ್ತಾಗುವುದಿಲ್ಲ, ಇಡೀ ವಾಕ್ಯವನ್ನೇ ಕೇಳಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಪಾರ್ಟಿಟಿವ್, ಅಂದರೆ ಕನ್ನಡದಲ್ಲಿಲ್ಲದ, ಇಲ್ಲಿ ಸಂಖ್ಯೆಗಳ ಜೊತೆ ಬರುವ ಒಂದು ವಿಭಕ್ತಿ. 2ರಿಂದ 6ರವರೆಗಿನ ಸಂಖ್ಯೆಗಳ ಜೊತೆ ನಾಮಪದ ಷಷ್ಠಿ ಏಕವಚನದಲ್ಲಿ ಬರುತ್ತದೆ. 7ರಿಂದ ಮೇಲಕ್ಕೆ ಪಾರ್ಟಿಟಿವ್. ಆದರೆ ಅಲ್ಲಿಯೂ ಷಷ್ಠಿ ನಡೆಯುತ್ತದೆ. 'ಏಳು ಮೀನು' ಎಂದು ಒಮ್ಮೆ ಕೇಳಿ, ಷಷ್ಠಿ ಸಿಕ್ಕಿತೆಂದು ಪಾರ್ಟಿಟಿವ್ ಅಳಿದುಹೋಗಿದೆ ಎಂದು ಬರೆದರೆ ತಪ್ಪಾಗುತ್ತದೆ. ಪ್ರಶ್ನೆಯನ್ನು ಫಿನ್ನಿಶ್‌ನಲ್ಲಿ ಕೇಳಿದರೆ ಇನ್ನೊಂದು ತೊಡಕು: ಫಿನ್ನಿಶ್‌ನಲ್ಲಿ 2ರಿಂದಲೇ ಪಾರ್ಟಿಟಿವ್ ಶುರು, ಉತ್ತರವೂ ಆ ಕಡೆ ವಾಲಬಹುದು. ಆದ್ದರಿಂದ ಅನುವಾದ ಕೇಳದೆ ಚಿತ್ರಗಳನ್ನು ಮುಂದಿಟ್ಟು, ಒಂದೇ ನಾಮಪದವನ್ನು 2, 6, 7, 10ರ ಜೊತೆ ಹೇಳಿಸಿ, 'ಬೇರೆ ಥರವೂ ಹೇಳಬಹುದೇ?' ಎಂದು ಕೇಳಿ, ಕೊನೆಗೆ ಸಹಜ ಮಾತುಕತೆಯ ಧ್ವನಿಮುದ್ರಣದಲ್ಲಿ ತಾಳೆ ನೋಡಬೇಕು. ಇಷ್ಟನ್ನೂ ಪದ ಪದಕ್ಕೂ ಸಹಿಸಿಕೊಂಡವರು ಆ ಹಿರಿಯರು. 'ಹೀಗೂ ಅನ್ನಬಹುದು, ಆದರೆ ನಾವು ಅನ್ನುವುದಿಲ್ಲ' ಎಂದು ಬಿಡಿಸಿ ಹೇಳಿದವರಿಗೆ ವಿಶೇಷ ಋಣ. ಬೇಸರ ಮಾಡಬಾರದೆಂದು ಎಲ್ಲದಕ್ಕೂ ಹೂಂ ಅಂದಿದ್ದರೆ ವ್ಯಾಕರಣ ಕೆಡುತ್ತಿತ್ತು.

ಧ್ವನಿಮುದ್ರಣಕ್ಕೆ ಮನೆ ಬಿಟ್ಟುಕೊಟ್ಟವರು ಫ್ರಿಜ್ ಆರಿಸಿ, ಗೋಡೆ ಗಡಿಯಾರ ಇಳಿಸಿ ಸಹಕರಿಸಿದರು. 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತ, ತಲೆಗೆ ಸಿಕ್ಕಿಸುವ ಮೈಕು, ಪ್ರತಿ ಪದ ಮೂರು ಸಲ. ಪದ ಯಾವಾಗಲೂ ವಾಕ್ಯದ ನಡುವೆಯೇ ಬರಬೇಕು. ಕೊನೆಯಲ್ಲಿ ಬಂದರೆ ಉಚ್ಚಾರ ತಾನಾಗಿ ಎಳೆದುಕೊಂಡು, ಸ್ವರ ವ್ಯಂಜನಗಳ ಉದ್ದದ ಅಳತೆ ಕೆಡುತ್ತದೆ. ಈ ಭಾಷೆಯಲ್ಲಿ ಆ ಉದ್ದದ ಮೇಲೆಯೇ ವಿಭಕ್ತಿ ನಿಂತಿರುತ್ತದೆ.

ಇನ್ನು ಟೈಪಿಂಗ್. ಈ ಭಾಷೆಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ಸ್ವರವಾದ ಮೇಲೆ ಬರುವ ಪ್ರೈಮ್ ಚಿಹ್ನೆ (ʹ) ತಾಲವ್ಯೀಕರಣದ, ಅಂದರೆ ನಾಲಿಗೆಯನ್ನು ಅಂಗುಳಿನ ಕಡೆ ಎತ್ತಿ ಉಚ್ಚರಿಸುವುದರ ಗುರುತು. ಅದೊಂದು ಬಿಟ್ಟುಹೋದರೆ 'ಗುಡ್ಡ' ಎಂಬ ಪದ 'ಪ್ರಯಾಣ' ಆಗಿಬಿಡುತ್ತದೆ. ಎಲ್ ಅಥವಾ ಎನ್ ಅಕ್ಷರ ಮತ್ತು ಜೆ ನಡುವೆ ಬರುವ ಅಪಾಸ್ಟ್ರಫಿ (ʼ) ಬೇರೆಯೇ. ಆ ಎರಡನ್ನೂ ಒಂದೇ ಧ್ವನಿಯಾಗಿ ಓದಬಾರದೆಂದು ಅದು ಹೇಳುತ್ತದೆ. ನಿಘಂಟುಗಳಲ್ಲಿ ಉದ್ದ ತೋರಿಸುವ ನೆಟ್ಟಗಿನ ಗೆರೆ ಮೂರನೆಯದು. ಮೂರೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಸುವೊನಿಕ್ಯುಲಾದ ಸ್ಕೋಲ್ಟ್ ಹೆಸರಿನಲ್ಲೇ ಮೊದಲೆರಡೂ ಇವೆ! ಕೀಬೋರ್ಡು ಎಲ್ಲಕ್ಕೂ ಒಂದೇ ಕೋಟ್ ಚಿಹ್ನೆ ಹಾಕಿದರೆ ಹುಡುಕಾಟ ಅರ್ಧ ಪದಗಳನ್ನು ಬಿಟ್ಟುಬಿಡುತ್ತದೆ, ಕಣ್ಣಿಗೆ ಕಾಣದ ಜೋಡಕ ಅಕ್ಷರದಿಂದ ಕನ್ನಡ ಪದಗಳು ಹುಡುಕಾಟಕ್ಕೆ ಸಿಗದೆ ಹೋಗುವಂತೆ. ಕನ್ನಡ ಯೂನಿಕೋಡ್ ಕೆಲಸದಲ್ಲಿ ಪಳಗಿದ ಗೆಳೆಯರು ಇದನ್ನು ಬೇಗ ಹಿಡಿದರು. ಸ್ವರದ ನಂತರ ಪ್ರೈಮ್, ಜೆಗೆ ಮುಂಚೆ ಎಲ್ ಅಥವಾ ಎನ್ ಇದ್ದರೆ ಅಪಾಸ್ಟ್ರಫಿ ಎಂಬ ನಿಯಮದಿಂದ ಇಡೀ ಪಠ್ಯಸಂಗ್ರಹ ಶುಚಿಮಾಡಿಕೊಟ್ಟರು. ಅವರಿಗೆ ಮನಸಾರೆ ನಮಸ್ಕಾರ.

1958ರಲ್ಲಿ ಬಂದ ಟಿ. ಐ. ಇಟ್ಕೊನೆನ್ ಅವರ ನಿಘಂಟು, 1973ರ ಹೊತ್ತಿಗೆ ಲಿಪಿಯನ್ನು ರೂಪಿಸಿದವರ ಶ್ರಮ ಇಲ್ಲದಿದ್ದರೆ ತಾಳೆ ನೋಡಲು ನಮಗೆ ಏನೂ ಇರುತ್ತಿರಲಿಲ್ಲ. ಹಳೆಯ ಟೇಪುಗಳನ್ನು ಕಾಪಾಡಿಕೊಂಡು ಬಂದ ಸಂಗ್ರಹಾಲಯದ ಸಿಬ್ಬಂದಿಗೂ ಕೃತಜ್ಞತೆಗಳು. ಕೆಲವು ಧ್ವನಿಮುದ್ರಣಗಳು ಮನೆಯವರ ಬಳಿಯೇ ಇರಲಿ ಎಂದ ಕುಟುಂಬಗಳ ಮಾತಿನಂತೆ ಅವನ್ನು ಉದಾಹರಣೆಗಳಿಂದಲೂ ತೆಗೆದಿದ್ದೇವೆ. ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಅವರಿಗೂ ವಂದನೆ.

ಬಹುವಚನ ರೂಪಗಳ ಪಟ್ಟಿ ಮುದ್ರಣಕ್ಕೆ ಮುನ್ನ ಇನ್ನೊಮ್ಮೆ ಸೆವೆತ್ತಿಯಾರ್ವಿಗೆ ಹೋಗುತ್ತದೆ. ಓದಿ ತಿದ್ದಲು ಒಪ್ಪಿದವರಿಗೆ ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟು ಅಚ್ಚು ಹಾಕಿಸಿ ಕಳಿಸುತ್ತಿದ್ದೇವೆ.